ಸಯಾಥಿಯ ಅಂದರೆ ಯಾವ ಮರಜರಿ?

ಆಸ್ಟ್ರೇಲಿಯದ ಪೂರ್ವ ಕರಾವಳಿಯ ಮಳೆಕಾಡುಗಳಲ್ಲಿ ಒಂದು ಮರಜರಿ ಬೆಳೆಯುತ್ತದೆ. ಬೇಗ ಎತ್ತರವಾಗುತ್ತದೆ, ನೋಡಲೂ ಚೆಂದ. ಹಾಗಾಗಿ ಬೇರೆ ಬೇರೆ ದೇಶಗಳ ತೋಟಗಳಿಗೂ ಹೋಗಿ ಸೇರಿದೆ. ನರ್ಸರಿಯ ಚೀಟಿಯಲ್ಲಿ ಇದರ ಹೆಸರು ಸಾಮಾನ್ಯವಾಗಿ ಸಯಾಥಿಯ ಕೂಪರಿ. ಮೊದಲು ವಿವರಿಸಿದಾಗ ಇಟ್ಟಿದ್ದ ಹೆಸರು ಆಲ್ಸೊಫಿಲ ಕೂಪರಿ. ಈಗಿನ ಸಸ್ಯಪಟ್ಟಿಗಳನ್ನು ತೆರೆದರೆ ಸ್ಫೀರೊಪ್ಟೆರಿಸ್ ಕೂಪರಿ ಅಂತ ಸಿಗುತ್ತದೆ. ಗಿಡ ಒಂದೇ, ಮೂರು ಕುಲಗಳನ್ನು, ಅಂದರೆ ಹತ್ತಿರದ ಪ್ರಭೇದಗಳ ಮೂರು ಗುಂಪುಗಳನ್ನು, ಸುತ್ತಿ ಬಂದಿದೆ.

ಸಸ್ಯವಿಜ್ಞಾನಿಗಳಿಗೆ ಮಾಡಲು ಬೇರೆ ಕೆಲಸ ಇಲ್ವಾ ಅಂತ ಇದನ್ನು ನೋಡಿದವರಿಗೆ ಅನ್ನಿಸಬಹುದು. ಆದರೆ ಈ ಹೆಸರುಗಳು ಸುಮ್ನೆ ಬದಲಾದವಲ್ಲ. ಒಂದು ಕಾಲಕ್ಕೆ ಸಯಾಥಿಯ ಎಂಬ ಕುಲದೊಳಗೆ ಶಲ್ಕ (ಎಲೆದಂಟಿನ ಮೇಲಿನ ತೆಳ್ಳನೆಯ ಹುರುಪೆ) ಇರುವ ಮರಜರಿಗಳೆಲ್ಲ, ಅಂದರೆ ಆರು ನೂರಕ್ಕೂ ಜಾಸ್ತಿ ಪ್ರಭೇದಗಳು, ಇದ್ದವು. ಈಗ ಅದರಲ್ಲಿ ಉಳಿದಿರುವುದು ಅರ್ಧಕ್ಕಿಂತ ಕಡಿಮೆ. ಉಳಿದವು ಹೊರಗೆ ಹೋದದ್ದು ಯಾಕೆ ಅಂದರೆ, ಯಾವ ಗುರುತನ್ನು ನಂಬಬೇಕು ಅನ್ನುವುದನ್ನು ಕಂಡುಕೊಳ್ಳಲು ಸಸ್ಯವಿಜ್ಞಾನಕ್ಕೆ ಇನ್ನೂರು ವರ್ಷ ಹಿಡಿಯಿತು.

ಮೊದಲು ಮರಜರಿ ಅಂದರೆ ಏನು ಅಂತ ನೋಡೋಣ. ಅದು ಜರಿಗಿಡವೇ. ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಎಲೆಯ ಅಡಿಭಾಗದಲ್ಲಿ ಹುಟ್ಟುವ ಧೂಳಿನಂಥ ಬೀಜಕಗಳಿಂದಲೇ ವಂಶ ಬೆಳೆಯಬೇಕು. ವ್ಯತ್ಯಾಸ ಇರುವುದು ನಿಲುವಿನಲ್ಲಿ. ಸಾಮಾನ್ಯ ಜರಿಗಿಡದ ಕಾಂಡ ನೆಲದೊಳಗೆ ಅಥವಾ ನೆಲದ ಮೇಲೆ ಹರಿದಾಡುತ್ತದೆ, ಇದರ ಕಾಂಡ ನೆಟ್ಟಗೆ ಮೇಲೇಳುತ್ತದೆ. ಹಾಗಂತ ಅದರೊಳಗೆ ಮರದ ದಿಮ್ಮಿಯಲ್ಲಿ ಇರುವಂಥ ಕಟ್ಟಿಗೆ ಇಲ್ಲ. ವರ್ಷ ವರ್ಷ ದಪ್ಪವಾಗುತ್ತಾ ಹೋಗುವ ಪದರವೂ ಇಲ್ಲ. ಕಾಂಡವನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸುವುದರಲ್ಲಿ ದೊಡ್ಡ ಪಾಲು ಹೊರಗಿನ ಬೇರುಗಳದ್ದು. ಕಾಂಡದ ಬದಿಗಳಿಂದ ಹುಟ್ಟಿದ ತೆಳ್ಳನೆಯ ಬೇರುಗಳು ಒಂದರ ಮೇಲೊಂದು ಹೆಣೆದುಕೊಂಡು ಕೆಳಗಿಳಿಯುತ್ತವೆ. ಬುಡದಲ್ಲಿ ಈ ಹೊದಿಕೆ ಎಷ್ಟು ದಪ್ಪಗಿರಬಹುದು ಅಂದರೆ, ಒಳಗಿನ ನಿಜವಾದ ಕಾಂಡ ಅದರ ಮುಂದೆ ತೀರಾ ಸಣ್ಣದು. ಇಷ್ಟೇ ಬಂಡವಾಳದಲ್ಲಿ ನ್ಯೂಜಿಲೆಂಡಿನ ಮಾಮಕು ಎಂಬ ಮರಜರಿ 20 ಮೀಟರ್‌ವರೆಗೆ ಬೆಳೆಯುತ್ತದೆ.

ಎಲ್ಲ ಮರಜರಿಗಳೂ ಒಂದೇ ಮನೆತನದವಲ್ಲ. ದೊಡ್ಡ ಗುಂಪುಗಳು ಎರಡು. ಡಿಕ್ಸೋನಿಯ ಮತ್ತು ಅದರ ಹತ್ತಿರದವುಗಳಲ್ಲಿ ಎಲೆದಂಟಿನ ಬುಡವನ್ನು ಮೆತ್ತನೆಯ ಕೂದಲು ಮುಚ್ಚಿರುತ್ತದೆ. ಸಯಾಥಿಯೇಸಿ ಕುಟುಂಬದಲ್ಲಿ ಕೂದಲಿನ ಜಾಗದಲ್ಲಿ ಶಲ್ಕಗಳು ಇರುತ್ತವೆ. ಅವು ಒಣ ಕಾಗದದ ಚೂರುಗಳಂತೆ ತೆಳ್ಳಗೆ, ಚಪ್ಪಟೆಯಾಗಿ ಇರುತ್ತವೆ. ಎಳೆಯ ಎಲೆ ಸುರುಳಿ ಸುತ್ತಿಕೊಂಡು ಇನ್ನೂ ಬಿಚ್ಚದೆ ಇರುವಾಗ ಇವು ಚೆನ್ನಾಗಿ ಕಾಣುತ್ತವೆ. ಮರಜರಿಯ ಎದುರು ನಿಂತಾಗ ಮೊದಲು ನೋಡಬೇಕಾದದ್ದು ಇದನ್ನೇ. ಕೂದಲಾದರೆ ಡಿಕ್ಸೋನಿಯ ಕಡೆ, ಶಲ್ಕವಾದರೆ ಸಯಾಥಿಯ ಕಡೆ. ಎರಡೂ ಕುಟುಂಬಗಳು ಸಯಾಥಿಯೇಲಿಸ್ ಎಂಬ ಒಂದೇ ಗಣಕ್ಕೆ ಸೇರಿವೆ. ಆ ಗಣದಲ್ಲಿ ಒಟ್ಟು ಎಂಟು ಕುಟುಂಬಗಳಿವೆ, ಅವುಗಳಲ್ಲಿ ಕೆಲವಕ್ಕೆ ಕಾಂಡ ಮೇಲೇಳುವ ಅಭ್ಯಾಸವೇ ಇಲ್ಲ.

ಈಗ ಹೆಸರಿನ ವಿಷಯಕ್ಕೆ ಬರೋಣ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಕೆರಿಬಿಯನ್ ದ್ವೀಪಗಳ ಒಂದು ಮರಜರಿಗೆ ಪಾಲಿಪೋಡಿಯಂ ಆರ್ಬೋರಿಯಂ ಅಂತ ಹೆಸರಿಟ್ಟರು. ಆ ಕಾಲದಲ್ಲಿ ಪಾಲಿಪೋಡಿಯಂ ಒಂದು ದೊಡ್ಡ ಗೋದಾಮು. ದುಂಡು ಚುಕ್ಕೆಗಳಿರುವ ಜರಿಗಿಡ ಸಿಕ್ಕಿದರೆ ಅದರೊಳಗೆ ಹಾಕುತ್ತಿದ್ದರು. ಲಂಡನ್ನಿನ ಲಿನೇಯನ್ ಸೊಸೈಟಿಯನ್ನು ಕಟ್ಟಿದ ಜೇಮ್ಸ್ ಎಡ್ವರ್ಡ್ ಸ್ಮಿತ್ 1793ರಲ್ಲಿ ಈ ಗಿಡವನ್ನು ಅಲ್ಲಿಂದ ಹೊರಗೆ ತೆಗೆದು ಸಯಾಥಿಯ ಎಂಬ ಹೊಸ ಕುಲ ಮಾಡಿದರು. ಅವರ ಕಣ್ಣಿಗೆ ಬಿದ್ದ ಗುರುತು ಎಲೆಯ ಅಡಿಯಲ್ಲಿತ್ತು. ಬೀಜಕಗಳ ಗುಂಪು, ಅಂದರೆ ನಮಗೆ ಚುಕ್ಕೆಯಾಗಿ ಕಾಣುವ ಭಾಗ, ಒಂದು ಪುಟ್ಟ ಬಟ್ಟಲಿನ ಆಕಾರದ ಪೊರೆಯೊಳಗೆ ಕೂತಿತ್ತು.

ಅಲ್ಲಿಂದ ಮುಂದೆ ಎಲ್ಲರೂ ಈ ಪೊರೆಯನ್ನೇ ಹಿಡಿದುಕೊಂಡರು. ಆಸ್ಟ್ರೇಲಿಯದ ಸಸ್ಯಗಳ ಬಗ್ಗೆ ಬರೆಯುತ್ತಾ ರಾಬರ್ಟ್ ಬ್ರೌನ್ 1810ರಲ್ಲಿ ಎರಡು ಹೊಸ ಕುಲಗಳನ್ನು ಮಾಡಿದರು. ಪೊರೆಯೇ ಇಲ್ಲದಿದ್ದರೆ ಆಲ್ಸೊಫಿಲ. ಚುಕ್ಕೆಯ ಒಂದು ಬದಿಗೆ ಮಾತ್ರ ಅರ್ಧ ಪೊರೆ ಇದ್ದರೆ ಹೆಮಿಟೀಲಿಯ. ಪೂರ್ತಿ ಇದ್ದರೆ ಸಯಾಥಿಯ. ಕೇಳಲು ಎಷ್ಟು ಸರಳ ಅಲ್ವಾ? ಲೆನ್ಸ್ ಹಿಡಿದು ಎಲೆ ತಿರುಗಿಸಿ ನೋಡಿದರೆ ಮುಗಿಯಿತು. ಹತ್ತೊಂಬತ್ತನೇ ಶತಮಾನದ ಒಣಗಿಡ ಸಂಗ್ರಹಗಳೆಲ್ಲ ಈ ಮೂರು ಡಬ್ಬಗಳ ಲೆಕ್ಕದಲ್ಲೇ ತುಂಬಿದವು.

ಆದರೆ ಗಿಡಗಳು ಜಾಸ್ತಿ ಬಂದಷ್ಟೂ ಲೆಕ್ಕ ತಪ್ಪತೊಡಗಿತು. ಬೇರೆ ಎಲ್ಲ ವಿಷಯದಲ್ಲೂ ಅಕ್ಕತಂಗಿಯರ ಹಾಗಿರುವ ಎರಡು ಪ್ರಭೇದಗಳಲ್ಲಿ ಒಂದಕ್ಕೆ ಪೊರೆ ಇದೆ, ಇನ್ನೊಂದಕ್ಕೆ ಇಲ್ಲ. ಕೆಲವಲ್ಲಿ ಪೊರೆ ಎಳೆಯದರಲ್ಲಿ ಇದ್ದು, ಬಲಿತ ಮೇಲೆ ಉದುರಿ ಹೋಗುತ್ತದೆ. ಅಂಥ ಎಲೆಯನ್ನು ಯಾವಾಗ ಕಿತ್ತಿರಿ ಅನ್ನುವುದರ ಮೇಲೆ ಕುಲವೇ ಬದಲಾಗುವ ಪರಿಸ್ಥಿತಿ! ಇಲ್ಲಿ ಆಗಿದ್ದ ಎಡವಟ್ಟು ಏನು ಅಂತ ಈಗ ಗೊತ್ತಿದೆ. ಪೊರೆ ಕಳೆದುಕೊಳ್ಳುವುದು ಮರಜರಿಗಳ ಇತಿಹಾಸದಲ್ಲಿ ಒಂದೇ ಸಲ ನಡೆದ ಘಟನೆಯಲ್ಲ. ಬೇರೆ ಬೇರೆ ವಂಶಗಳಲ್ಲಿ, ಬೇರೆ ಬೇರೆ ಕಾಲದಲ್ಲಿ ಅದು ಮತ್ತೆ ಮತ್ತೆ ನಡೆದಿದೆ. ಹೀಗೆ ಮತ್ತೆ ಮತ್ತೆ ಹುಟ್ಟುವ ಗುಣವನ್ನು ನೆಂಟಸ್ತಿಕೆಯ ಗುರುತು ಅಂತ ನಂಬಿದರೆ, ಸಂಬಂಧವೇ ಇಲ್ಲದವು ಒಂದೇ ಮನೆಯಲ್ಲಿ ಸೇರುತ್ತವೆ.

ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ ಹಲವರು ಈ ಡಬ್ಬಗಳ ಮೇಲಿನ ನಂಬಿಕೆ ಬಿಟ್ಟು, ಎಲ್ಲವನ್ನೂ ಸಯಾಥಿಯ ಎಂಬ ಒಂದೇ ಕುಲಕ್ಕೆ ಸುರಿದರು. ಅವರಲ್ಲಿ ಮುಖ್ಯವಾದವರು ಸಿಂಗಪುರದ ಸಸ್ಯೋದ್ಯಾನದ ನಿರ್ದೇಶಕರಾಗಿದ್ದ ರಿಚರ್ಡ್ ಎರಿಕ್ ಹಾಲ್ಟಮ್. 1963ರಲ್ಲಿ ಅವರು ಮಲಯ ದ್ವೀಪಸಮೂಹದ ಮರಜರಿಗಳ ವಿವರ ಪ್ರಕಟಿಸಿದರು. ಕುಲ ಒಂದೇ ಇಟ್ಟರೂ ಒಳಗಿನ ವಿಂಗಡಣೆಗೆ ಪೊರೆಯನ್ನು ಬಿಟ್ಟು ಶಲ್ಕವನ್ನು ಹಿಡಿದರು. ನನ್ನ ಪ್ರಕಾರ ಈ ಇಡೀ ಕಥೆಯ ದೊಡ್ಡ ತಿರುವು ಇದೇ. ಆಮೇಲೆ ಬಂದ ಡಿಎನ್‌ಎ ಅಲ್ಲ.

ಶಲ್ಕದಲ್ಲಿ ನೋಡುವುದು ಏನನ್ನು? ಅದರ ಅಂಚನ್ನು. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕೆಲವು ಮರಜರಿಗಳ ಶಲ್ಕದಲ್ಲಿ ನಡುವಿನಿಂದ ಅಂಚಿನವರೆಗೂ ಜೀವಕೋಶಗಳು ಒಂದೇ ತರಹ ಕಾಣುತ್ತವೆ. ಅಂಚಿನಲ್ಲಿ ಗಟ್ಟಿಯಾದ ಸಣ್ಣ ಬಿರುಗೂದಲುಗಳು ಮಾತ್ರ ಇರಬಹುದು. ಬೇರೆ ಮರಜರಿಗಳಲ್ಲಿ ಅಂಚಿನುದ್ದಕ್ಕೂ ಬೇರೆಯದೇ ಪಟ್ಟಿಯೊಂದು ಇರುತ್ತದೆ. ಅಲ್ಲಿನ ಕೋಶಗಳ ಆಕಾರವೂ ಬೇರೆ, ಅವು ಸಾಲುಗಟ್ಟಿರುವ ದಿಕ್ಕೂ ಬೇರೆ. ಇಂಥ ಅಂಚುಪಟ್ಟಿ ಇರುವವುಗಳಲ್ಲೇ ಇನ್ನೊಂದು ಭೇದ ಇದೆ. ಶಲ್ಕದ ತುದಿಯಲ್ಲಿ ಕಡುಬಣ್ಣದ ಒಂದು ಬಿರುಗೂದಲು ಕೆಲವಕ್ಕೆ ಇದೆ, ಕೆಲವಕ್ಕೆ ಇಲ್ಲ.

1970ರಲ್ಲಿ ಹಾರ್ವರ್ಡ್‌ನ ರೋಲ್ಲಾ ಟ್ರಯನ್ ಈ ಎಳೆಯನ್ನು ಹಿಡಿದು ಇಡೀ ಕುಟುಂಬವನ್ನು ಆರು ಕುಲಗಳಾಗಿ ಮಾಡಿದರು. ಅಂಚುಪಟ್ಟಿ ಇಲ್ಲದವು ಸ್ಫೀರೊಪ್ಟೆರಿಸ್. ಪಟ್ಟಿಯೂ ತುದಿಯ ಬಿರುಗೂದಲೂ ಇರುವವು ಆಲ್ಸೊಫಿಲ ಮತ್ತು ನೆಫೀಲಿಯ. ಪಟ್ಟಿ ಇದ್ದು ತುದಿಗೂದಲು ಇಲ್ಲದವು ಸಯಾಥಿಯ, ಟ್ರಿಕಿಪ್ಟೆರಿಸ್ ಮತ್ತು ನೆಮಿಡೇರಿಯ. ನಾವು ಮೊದಲು ನೋಡಿದ ಕೂಪರಿಗೆ ಮೂರನೇ ಹೆಸರು ಸಿಕ್ಕಿದ್ದು ಆಗಲೇ. ಅದರ ಶಲ್ಕಕ್ಕೆ ಅಂಚುಪಟ್ಟಿ ಇಲ್ಲ.

ಆದರೆ ಹೆಸರುಗಳು ಯಾವ ಗುಂಪಿಗೆ ಹೋಗಬೇಕು ಅಂತ ಯಾರು ತೀರ್ಮಾನಿಸುತ್ತಾರೆ? ಯಾರೂ ಇಲ್ಲ, ಅದಕ್ಕೊಂದು ನಿಯಮ ಇದೆ. ಪ್ರತಿ ಕುಲದ ಹೆಸರೂ ಒಂದು ಮಾದರಿ ಪ್ರಭೇದಕ್ಕೆ ಅಂಟಿಕೊಂಡಿರುತ್ತದೆ. ಗುಂಪನ್ನು ಒಡೆದಾಗ ಆ ಪ್ರಭೇದ ಎಲ್ಲಿ ಹೋಗುತ್ತದೋ ಹೆಸರೂ ಅಲ್ಲಿಗೇ ಹೋಗಬೇಕು. ಸಯಾಥಿಯದ ಮಾದರಿ ಕೆರಿಬಿಯನ್ನಿನ ಅದೇ ಹಳೆಯ ಗಿಡ, ಈಗ ಸಯಾಥಿಯ ಆರ್ಬೋರಿಯ. ಆಲ್ಸೊಫಿಲದ್ದು ಆಸ್ಟ್ರೇಲಿಯದ ಆಲ್ಸೊಫಿಲ ಆಸ್ಟ್ರಾಲಿಸ್. ಸ್ಫೀರೊಪ್ಟೆರಿಸ್‌ನದ್ದು ನ್ಯೂಜಿಲೆಂಡಿನ ಮಾಮಕು. ಈ ಮೂರೂ ವಂಶವೃಕ್ಷದ ಮೂರು ಬೇರೆ ಕೊಂಬೆಗಳಲ್ಲಿ ಇವೆ. ಹಾಗಾಗಿ ಸಯಾಥಿಯ ಎಂಬ ಹೆಸರು ಅಮೆರಿಕಾ ಖಂಡದ ಗುಂಪಿನ ಜೊತೆ ಉಳಿಯಿತು. ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯದ ಬಹುತೇಕ ಮರಜರಿಗಳು ಅದನ್ನು ಕಳೆದುಕೊಂಡವು. ನ್ಯೂಜಿಲೆಂಡಿನ ಲಾಂಛನವಾದ ಬೆಳ್ಳಿಜರಿ, ಮಾವೋರಿಗಳ ಪೊಂಗ, ಕೂಡ ಸಯಾಥಿಯ ಡೀಲ್ಬಾಟ ಎಂಬ ಹೆಸರಿನಿಂದ ಆಲ್ಸೊಫಿಲ ಡೀಲ್ಬಾಟಕ್ಕೆ ಹೋದದ್ದು ಹೀಗೆ.

ಡಿಎನ್‌ಎ ಪರೀಕ್ಷೆ ಬಂದಾಗ ಶಲ್ಕದ ಮಾತು ಬಹಳ ಮಟ್ಟಿಗೆ ನಿಜವಾಯಿತು. ಪೆಟ್ರಾ ಕೊರಾಲ್ ಮತ್ತು ಜೊತೆಗಾರರು 2006 ಮತ್ತು 2007ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಕುಟುಂಬ ನಾಲ್ಕು ಕೊಂಬೆಗಳಾಗಿ ಕಂಡಿತು: ಸ್ಫೀರೊಪ್ಟೆರಿಸ್, ಸಯಾಥಿಯ, ಆಲ್ಸೊಫಿಲ, ಜಿಮ್ನೊಸ್ಫೀರ. ಟ್ರಯನ್ ಮಾಡಿದ್ದ ಸಣ್ಣ ಕುಲಗಳು ಮಾತ್ರ ನಿಲ್ಲಲಿಲ್ಲ. ನೆಫೀಲಿಯ ಹೋಗಿ ಆಲ್ಸೊಫಿಲದೊಳಗೆ ಸೇರಿತು, ಟ್ರಿಕಿಪ್ಟೆರಿಸ್ ಮತ್ತು ನೆಮಿಡೇರಿಯ ಸಯಾಥಿಯದೊಳಗೆ.

ಈ ಕೆಲಸ ಸುಲಭದ್ದಾಗಿರಲಿಲ್ಲ. ಸಾಮಾನ್ಯವಾಗಿ ವಿಜ್ಞಾನಿಗಳು ಕ್ರೋಮೋಸೋಮ್ ಎಣಿಸಿ ಒಂದಷ್ಟು ಸುಳಿವು ಪಡೆಯುತ್ತಾರೆ. ಇಲ್ಲಿ ಆ ದಾರಿ ಮುಚ್ಚಿದೆ. ಈ ಕುಟುಂಬದಲ್ಲಿ ಎಲ್ಲಿ ಎಣಿಸಿದರೂ ಸಿಗುವ ಮೂಲಸಂಖ್ಯೆ 69. ಸಾಲದ್ದಕ್ಕೆ ಮರಜರಿಗಳ ಡಿಎನ್‌ಎ ಬಹಳ ನಿಧಾನವಾಗಿ ಬದಲಾಗುತ್ತದೆ. ಜರಿಗಿಡಗಳು ಮರದ ನಿಲುವು ಪಡೆದ ಹೊತ್ತಿಗೇ ಈ ವೇಗ ಥಟ್ಟನೆ ಇಳಿದಿದೆ ಅಂತ ಕೊರಾಲ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದರು. ಮರಜರಿ ಬಲಿತು ಬೀಜಕ ಬಿಡಲು ವರ್ಷಗಳು ಬೇಕು. ತಲೆಮಾರುಗಳ ನಡುವಿನ ಅಂತರ ಉದ್ದವಾದರೆ, ಅಷ್ಟೇ ಕಾಲದಲ್ಲಿ ಡಿಎನ್‌ಎ ನಕಲಾಗುವುದೂ ತಪ್ಪುಗಳು ಸೇರುವುದೂ ಕಡಿಮೆ ಅನ್ನುವುದು ಅದಕ್ಕೆ ಕೊಡುವ ಒಂದು ವಿವರಣೆ. ವ್ಯತ್ಯಾಸಗಳು ಕಡಿಮೆ ಇದ್ದರೆ ಯಾರು ಯಾರಿಗೆ ಹತ್ತಿರ ಅಂತ ಹೇಳುವುದು ಕಷ್ಟ.

ಡಿಎನ್‌ಎ ಕೊಟ್ಟ ಒಂದು ಅಚ್ಚರಿಯನ್ನು ಬಿಡುವ ಹಾಗಿಲ್ಲ. ವೆನೆಜುವೆಲ ಮತ್ತು ಗಯಾನದ ಕಡೆ ಟೆಪುಯಿ ಅಂತ ಕರೆಯುವ ಮೇಜಿನಾಕಾರದ ಬೆಟ್ಟಗಳಿವೆ. ಅಲ್ಲಿನ ಬಂಡೆಗಳ ಸಂದಿಯಲ್ಲಿ ಹೈಮೆನೊಫಿಲಾಪ್ಸಿಸ್ ಎಂಬ ಪುಟ್ಟ ಜರಿಗಿಡಗಳು ಬೆಳೆಯುತ್ತವೆ. ಎಲೆ ಕೆಲವೇ ಕೋಶಗಳಷ್ಟು ದಪ್ಪ, ಬೆಳಕು ಹಾಯುವಷ್ಟು ತೆಳು. ಮರದ ಕಾಂಡದ ಸುಳಿವೇ ಇಲ್ಲ. ಅವುಗಳನ್ನು ಪ್ರತ್ಯೇಕ ಕುಟುಂಬ ಅಂತಲೇ ಇಟ್ಟಿದ್ದರು. ಡಿಎನ್‌ಎ ಅವುಗಳನ್ನು ನೇರವಾಗಿ ಸಯಾಥಿಯದ ನಟ್ಟನಡುವೆ ಕೂರಿಸಿತು. ಅಂದರೆ ಇವು ಮರದ ನಿಲುವನ್ನು ಬಿಟ್ಟುಕೊಟ್ಟ ಮರಜರಿಗಳು. ಈಗ ಅವುಗಳ ಹೆಸರೂ ಸಯಾಥಿಯವೇ. ಕಣ್ಣಿಗೆ ಕಾಣುವ ಗಾತ್ರವನ್ನು ನಂಬಿದ್ದರೆ ಇವು ಇನ್ನೆಂದಿಗೂ ತವರಿಗೆ ಸೇರುತ್ತಿರಲಿಲ್ಲ.

2016ರಲ್ಲಿ 94 ತಜ್ಞರು ಸೇರಿ ಜಗತ್ತಿನ ಜರಿಗಿಡಗಳಿಗೆಲ್ಲ ಒಂದು ಒಪ್ಪಿತ ವಿಂಗಡಣೆ ಪ್ರಕಟಿಸಿದರು. ಅದರಲ್ಲಿ ಸಯಾಥಿಯೇಸಿಗೆ ಮೂರು ಕುಲ: ಆಲ್ಸೊಫಿಲದಲ್ಲಿ ಸುಮಾರು 275 ಪ್ರಭೇದ, ಸಯಾಥಿಯದಲ್ಲಿ ಸುಮಾರು 265, ಸ್ಫೀರೊಪ್ಟೆರಿಸ್‌ನಲ್ಲಿ ಸುಮಾರು 103. ನಾಲ್ಕನೇ ಕೊಂಬೆಯಾದ ಜಿಮ್ನೊಸ್ಫೀರವನ್ನು ಅವರು ಆಲ್ಸೊಫಿಲದೊಳಗೇ ಬಿಟ್ಟರು. ಅದನ್ನು ಬೇರೆ ಕುಲವಾಗಿ ಎಣಿಸಬೇಕು ಅಂತ 2018ರಲ್ಲಿ ಚೀನಾದ ಸಂಶೋಧಕರು ವಾದಿಸಿದರು. ಕೆಲವು ಪಟ್ಟಿಗಳು ಒಪ್ಪಿವೆ, ಕೆಲವು ಒಪ್ಪಿಲ್ಲ. ಭಾರತದಿಂದ ಆಗ್ನೇಯ ಏಷ್ಯಾದವರೆಗೆ ಹರಡಿರುವ, ಹೊಳೆಯುವ ಕಪ್ಪು ಎಲೆದಂಟಿನ ದೊಡ್ಡ ಮರಜರಿಯೊಂದಿದೆ. ಅದನ್ನು ಒಬ್ಬರು ಸಯಾಥಿಯ ಜೈಜಾಂಟಿಯ, ಇನ್ನೊಬ್ಬರು ಆಲ್ಸೊಫಿಲ ಜೈಜಾಂಟಿಯ, ಮತ್ತೊಬ್ಬರು ಜಿಮ್ನೊಸ್ಫೀರ ಜೈಜಾಂಟಿಯ ಅನ್ನುವುದು ಈ ತಕರಾರಿನಿಂದಲೇ. ಇದರಲ್ಲಿ ಗಿಡಗಳ ನೆಂಟಸ್ತಿಕೆಯ ಬಗ್ಗೆ ಜಗಳ ಇಲ್ಲ. ಕೊಂಬೆ ಇರುವುದು ಎಲ್ಲರಿಗೂ ಒಪ್ಪಿಗೆ. ಅದಕ್ಕೆ ಕುಲದ ಪಟ್ಟ ಕೊಡಬೇಕಾ ಅನ್ನುವುದಷ್ಟೇ ಪ್ರಶ್ನೆ.

ವಿಂಗಡಣೆ ಸರಿಯಾದ ಮೇಲೆ ಭೂಪಟವೂ ಅರ್ಥವಾಗತೊಡಗಿತು. ಹಳೆಯ ಡಬ್ಬಗಳ ಪ್ರಕಾರ ನೋಡಿದರೆ ಪ್ರತಿ ಕುಲವೂ ಎಲ್ಲೆಂದರಲ್ಲಿ ಚದುರಿತ್ತು. ಈಗಿನ ಸಯಾಥಿಯಕ್ಕೆ ಒಂದು ಸ್ಪಷ್ಟ ನೆಲೆ ಇದೆ. ಮೆಕ್ಸಿಕೊದಿಂದ ಮಧ್ಯ ಅಮೆರಿಕಾ, ಕೆರಿಬಿಯನ್ ದ್ವೀಪಗಳು, ಆಂಡಿಸ್ ಬೆಟ್ಟಗಳು, ಬ್ರೆಜಿಲ್. ಇದರ ಹೊರಗೆ ನೈಋತ್ಯ ಪೆಸಿಫಿಕ್ಕಿನ ಕಡೆ ಕೆಲವೇ ಕೆಲವು ಪ್ರಭೇದಗಳು ಮಾತ್ರ. ಬೆಟ್ಟದ ಇಳಿಜಾರಿನಲ್ಲಿ ಮೋಡ ತಾಗುವ ಎತ್ತರದ ಕಾಡು ಇವಕ್ಕೆ ಬಹಳ ಇಷ್ಟ. ವರ್ಷಪೂರ್ತಿ ತೇವ, ಹೆಚ್ಚು ಸೆಕೆಯೂ ಇಲ್ಲ, ಹಿಮವೂ ಇಲ್ಲ. ಹಾಗಂತ ಎಲ್ಲವೂ ನೆರಳಿನ ಗಿಡಗಳಲ್ಲ. ಪೋರ್ಟೊ ರಿಕೊದಲ್ಲಿ ಮಣ್ಣು ಕುಸಿದು ಬೋಳಾದ ಜಾಗದಲ್ಲಿ ಮೊದಲು ಬಂದು ನೆಲೆಯೂರುವವುಗಳಲ್ಲಿ ಸಯಾಥಿಯ ಆರ್ಬೋರಿಯವೂ ಒಂದು.

ಆಲ್ಸೊಫಿಲದ ಹರವು ಇನ್ನೂ ದೊಡ್ಡದು. ಆಫ್ರಿಕಾ, ಮಡಗಾಸ್ಕರ್, ಭಾರತ, ಶ್ರೀಲಂಕಾ, ಆಗ್ನೇಯ ಏಷ್ಯಾ, ನ್ಯೂಗಿನಿ, ಪೆಸಿಫಿಕ್ ದ್ವೀಪಗಳು, ಅಮೆರಿಕಾದ ಕೆಲವು ಭಾಗ. ಉತ್ತರದಲ್ಲಿ ಜಪಾನಿನ ದಕ್ಷಿಣ ಭಾಗದವರೆಗೆ ಹೋಗಿದೆ. ದಕ್ಷಿಣದಲ್ಲಿ ನ್ಯೂಜಿಲೆಂಡಿಗೆ ಸೇರಿದ ಆಕ್ಲೆಂಡ್ ದ್ವೀಪಗಳಲ್ಲಿ, ಸುಮಾರು 50 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, ಆಲ್ಸೊಫಿಲ ಸ್ಮಿತಿಯೈ ಬೆಳೆಯುತ್ತದೆ. ಜಗತ್ತಿನಲ್ಲಿ ಇದಕ್ಕಿಂತ ದಕ್ಷಿಣಕ್ಕೆ ಯಾವ ಮರಜರಿಯೂ ಇಲ್ಲ. ದಕ್ಷಿಣ ಆಫ್ರಿಕಾದ ಆಲ್ಸೊಫಿಲ ಡ್ರೆಜೈ ತೆರೆದ ಹುಲ್ಲುಗಾವಲಿನ ಹಳ್ಳಗಳ ಬದಿಯಲ್ಲಿ ಬದುಕುತ್ತದೆ, ಕಾಡ್ಗಿಚ್ಚನ್ನೂ ತಾಳಿಕೊಳ್ಳುತ್ತದೆ. ಅದೇ ದೇಶದ ಆಲ್ಸೊಫಿಲ ಕೇಪೆನ್ಸಿಸ್ ಬ್ರೆಜಿಲ್‌ನಲ್ಲೂ ಇದೆ. ನಡುವೆ ಅಟ್ಲಾಂಟಿಕ್ ಸಾಗರ. ಸ್ಫೀರೊಪ್ಟೆರಿಸ್ ಮುಖ್ಯವಾಗಿ ಏಷ್ಯಾದಿಂದ ನ್ಯೂಜಿಲೆಂಡಿನವರೆಗಿನದು. ಅಮೆರಿಕಾದಲ್ಲಿ ಸ್ವಲ್ಪವೇ ಇದೆ.

ಈ ಹರವಿಗೆ ಕಾರಣ ಗಾಳಿಯಲ್ಲಿ ಹಾರಿದ ಬೀಜಕವಾ, ಒಡೆದು ದೂರ ಸರಿದ ಖಂಡಗಳಾ? ಬೀಜಕ ಅಷ್ಟು ಹಗುರವಾಗಿರುವಾಗ ಗಾಳಿಯೇ ಸಾಕಲ್ಲ ಅಂತ ಅನ್ನಿಸುತ್ತದೆ. ಕೊರಾಲ್ ಮತ್ತು ಕ್ಯಾಥ್ಲೀನ್ ಪ್ರಾಯರ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಉತ್ತರ ಕೊಟ್ಟಿತು. ಅದರ ಪ್ರಕಾರ ಈ ಕುಟುಂಬ ಹುಟ್ಟಿದ್ದು ಜುರಾಸಿಕ್ ಯುಗದ ಕೊನೆಯ ಭಾಗದಲ್ಲಿ, ದಕ್ಷಿಣದ ಖಂಡಗಳೆಲ್ಲ ಗೊಂಡ್ವಾನ ಎಂಬ ಭೂಭಾಗವಾಗಿ ಸೇರಿಕೊಂಡಿದ್ದಾಗ. ಸಾಗರ ದಾಟಿ ಯಶಸ್ವಿಯಾಗಿ ನೆಲೆಸಿದ ಸಂದರ್ಭಗಳು ಅಪರೂಪ. ಬೀಜಕ ಹಾರಿದರೆ ಮುಗಿಯಲಿಲ್ಲ ನೋಡಿ. ಅದು ತೇವದ ನೆಲದಲ್ಲಿ ಬೀಳಬೇಕು. ಮೊಳೆತು ಉಗುರಿಗಿಂತ ಸಣ್ಣದಾದ ಹಸಿರು ಪೊರೆಯಾಗಬೇಕು. ಅದರ ಮೇಲೆ ನೀರಿನ ಪದರ ಇದ್ದರೆ ಮಾತ್ರ ಗಂಡು ಕೋಶ ಈಜಿ ಹೆಣ್ಣು ಕೋಶವನ್ನು ಸೇರುತ್ತದೆ. ಆಮೇಲೆ ಹುಟ್ಟಿದ ಪುಟ್ಟ ಗಿಡ ಮರವಾಗಲು ವರ್ಷಗಟ್ಟಲೆ ಕಾಯಬೇಕು.

ಆದರೂ ಕೆಲವು ದಾಟಿವೆ. ಗಲಾಪಗಸ್ ದ್ವೀಪಗಳು ಸಮುದ್ರದೊಳಗಿಂದ ಎದ್ದ ಜ್ವಾಲಾಮುಖಿಗಳು, ಯಾವ ಖಂಡಕ್ಕೂ ಅಂಟಿಕೊಂಡಿದ್ದವಲ್ಲ. ಅಲ್ಲಿನ ಎತ್ತರದ ತೇವದ ಭಾಗದಲ್ಲಿ ಸಯಾಥಿಯ ವೆದರ್‌ಬಯಾನ ಇದೆ, ಬೇರೆಲ್ಲೂ ಇಲ್ಲ. ಹವಾಯಿಗೆ ಮಾತ್ರ ಈ ಕುಟುಂಬ ತಾನಾಗಿ ತಲುಪಲೇ ಇಲ್ಲ. ಅಲ್ಲಿನ ಸ್ಥಳೀಯ ಮರಜರಿಗಳೆಲ್ಲ ಸಿಬೋಟಿಯಂ ಎಂಬ ಬೇರೆ ಕುಲದವು. ಜನ ತೋಟಕ್ಕಾಗಿ ತಂದ ಸ್ಫೀರೊಪ್ಟೆರಿಸ್ ಕೂಪರಿ ಅಲ್ಲೀಗ ಬೇಲಿ ದಾಟಿ ಕಾಡಿಗೆ ನುಗ್ಗಿದೆ, ಸಿಬೋಟಿಯಂಗಳ ಜಾಗ ಕಸಿಯುತ್ತಿದೆ.

ಹಳೆಯ ಕುಟುಂಬ ಅಂದ ಮಾತ್ರಕ್ಕೆ ಪ್ರಭೇದಗಳೂ ಹಳೆಯವು ಅಂದುಕೊಳ್ಳಬೇಡಿ. ಮಡಗಾಸ್ಕರ್‌ನ ಮರಜರಿಗಳನ್ನು ಡೈನೋಸಾರ್ ಕಾಲದ ಉಳಿಕೆ ಅಂತ ಸುಲಭವಾಗಿ ಹೇಳಿಬಿಡಬಹುದು. ಆದರೆ ಅಲ್ಲಿನ ಹೆಚ್ಚಿನವು ಕಳೆದ 50 ಲಕ್ಷ ವರ್ಷಗಳ ಆಸುಪಾಸಿನಲ್ಲಿ ಗುಂಪು ಗುಂಪಾಗಿ ಹುಟ್ಟಿಕೊಂಡವು ಅಂತ 2008ರ ಒಂದು ಡಿಎನ್‌ಎ ಅಧ್ಯಯನ ತೋರಿಸಿತು. ಭೂಮಿಯ ಲೆಕ್ಕದಲ್ಲಿ ಇದು ಮೊನ್ನೆ ಮೊನ್ನೆಯ ಮಾತು.

ಹೆಸರಿನ ಈ ಹೊಯ್ದಾಟ ಪುಸ್ತಕದ ಒಳಗೇ ಉಳಿಯುವುದಿಲ್ಲ. ಮರಜರಿಯ ಕಾಂಡದ ಸುತ್ತಲಿನ ಬೇರಿನ ಹೊದಿಕೆಯನ್ನು ಕತ್ತರಿಸಿ ಆರ್ಕಿಡ್ ಬೆಳೆಸಲು ಮಾರುತ್ತಾರೆ. ಅದಕ್ಕಾಗಿ ಕಾಡಿನ ಮರಜರಿಗಳನ್ನು ಕಡಿಯುವುದರಿಂದ ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದ ಸಯಾಥಿಯವನ್ನು ತನ್ನ ಎರಡನೇ ಅನುಬಂಧದಲ್ಲಿ ಸೇರಿಸಿದೆ. ಅಂದರೆ ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ. ಅಲ್ಲಿ ಸಯಾಥಿಯ ಎಂಬ ಮಾತನ್ನು ಹಳೆಯ ಅಗಲವಾದ ಅರ್ಥದಲ್ಲೇ ಇಟ್ಟುಕೊಂಡಿದ್ದಾರೆ, ಆಲ್ಸೊಫಿಲವೂ ಸ್ಫೀರೊಪ್ಟೆರಿಸ್ಸೂ ಅದರೊಳಗೆ ಬರುತ್ತವೆ. ಹೊಸ ಪಟ್ಟಿ ತೋರಿಸಿ, ಇದು ಸಯಾಥಿಯ ಅಲ್ಲವೇ ಅಲ್ಲ ಅಂತ ವಾದಿಸಿ ಪರವಾನಗಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.